ಗುಳಂಬದ ಭರಣಿಯ ಗಂಟು

ಸನತ್‌ನಗರದ ಆ ಮನೆಯಲ್ಲಿ ಎಲ್ಲ ಅಡುಗೆಯನ್ನೂ ಸಪ್ನಾ ಮಾಡುತ್ತಿದ್ದಳು, ಗುಳಂಬವೊಂದನ್ನು ಬಿಟ್ಟು. ಗಂಡ ಹೇಮಂತನ ಡಬ್ಬಿ, ಮಾವ ಜಯತೀರ್ಥರಾಯರ ಪಥ್ಯದ ಗಂಜಿ, ಹಬ್ಬದ ಹೋಳಿಗೆ, ಎಲ್ಲಕ್ಕೂ ಅವಳ ಕೈ ಆಗುತ್ತಿತ್ತು. ಮಾವಿನಕಾಯಿ ತುರಿದು, ಬೆಲ್ಲ ಬೆರೆಸಿ, ಸಣ್ಣ ಉರಿಯಲ್ಲಿ ಕುದಿಸಿ ಭರಣಿಗೆ ತುಂಬುವ ಗುಳಂಬಕ್ಕೆ ಮಾತ್ರ ಆಗುತ್ತಿರಲಿಲ್ಲ. ಅದು ಮೊದಲು ದೇವರಿಗೆ ನೈವೇದ್ಯವಾಗಿ, ಆಮೇಲೆ ವರ್ಷವಿಡೀ ಮನೆಯವರ ಎಲೆಗೆ ಬರುವ ವಸ್ತು. ಮಡಿಯಲ್ಲೇ ಆಗಬೇಕು. ಆ ಮನೆಯಲ್ಲಿ ಮಡಿ ಎಂದರೆ ಅತ್ತೆ ನಲಿನಿಬಾಯಿ.

ಸಪ್ನಾ ಉಪ್ಪಲ್‌ನ ಬೆಲ್ಲದ ವ್ಯಾಪಾರಿ ಬಂಡೆಪ್ಪನವರ ಮಗಳು. ಬಾಗಲಕೋಟೆ ಕಡೆಯಿಂದ ಬಂದ ಲಿಂಗಾಯತರು. ಹೇಮಂತನನ್ನು ಮೆಚ್ಚಿ ಮದುವೆಯಾದಳು. ನಲಿನಿಬಾಯಿ ಆ ಮದುವೆಗೆ ಅತ್ತು ಕರೆದು ರಂಪ ಮಾಡಲಿಲ್ಲ. ಅಕ್ಷತೆ ಹಾಕಿದರು, ಆರತಿ ಎತ್ತಿ ಒಳಗೆ ಕರೆದುಕೊಂಡರು, ಮನೆಯೆಲ್ಲ ಸುತ್ತಾಡಿಸಿ, ಅಡುಗೆಮನೆಯ ಮೂಲೆಯಲ್ಲಿದ್ದ ಮಡಿಯ ಒಲೆಯ ಮುಂದೆ ನಿಂತು, "ಇದೊಂದು ಬಿಟ್ಟು ಮನಿ ಎಲ್ಲಾ ನಿಂದಽ ನೋಡವ್ವಾ" ಎಂದರು. ಅಷ್ಟು ನಯವಾಗಿ ಹೇಳಿದ್ದರಿಂದ ಸಪ್ನಾ ಆಗ ನಕ್ಕು ತಲೆಯಾಡಿಸಿದ್ದಳು. ಬೈದು ಹೇಳಿದ್ದರೆ ಎದುರು ಮಾತಾದರೂ ಹುಟ್ಟುತ್ತಿತ್ತು.

ಬೆಲ್ಲಕ್ಕೆ ಮಾತ್ರ ಮೈಲಿಗೆ ಇರಲಿಲ್ಲ. ವರ್ಷವರ್ಷವೂ ಗುಳಂಬಕ್ಕೆ ಬಂಡೆಪ್ಪನವರ ಅಂಗಡಿಯಿಂದಲೇ ಮಹಾಲಿಂಗಪುರದ ಬೆಲ್ಲ ಬರುತ್ತಿತ್ತು. ಒಣ ಪದಾರ್ಥಕ್ಕೆ ದೋಷವಿಲ್ಲವಂತೆ. ಬೀಗರು ಕಟ್ಟಿ ಕಳಿಸಿದ ಬೆಲ್ಲ ದೇವರ ಬಾಯಿಗೆ ನಡೆಯುತ್ತದೆ, ಬೀಗರು ಕೊಟ್ಟ ಮಗಳ ಕೈ ನಡೆಯುವುದಿಲ್ಲ. ಈ ಲೆಕ್ಕವನ್ನು ಯಾವ ಆಚಾರ್ಯರು ಬಿಡಿಸಿ ಹೇಳುತ್ತಾರೋ ಗೊತ್ತಿಲ್ಲ.

ದೇಶಕ್ಕೆಲ್ಲ ಆ ದೊಡ್ಡ ಜ್ವರ ಬಂದುಹೋಯಿತಲ್ಲ, ಆಗ ನಲಿನಿಬಾಯಿಗೂ ಬಂತು. ಜ್ವರ ಹೋಯಿತು, ಹೋಗುವಾಗ ಅವರ ಮೂಗನ್ನು ತೆಗೆದುಕೊಂಡು ಹೋಯಿತು. ಊದುಬತ್ತಿಯೂ ಒಂದೇ, ಗ್ಯಾಸ್ ಸೋರಿದರೂ ಒಂದೇ. ನಾಲಿಗೆಯ ರುಚಿಯೂ ಹೋಯಿತು. ಯಾರಿಗೂ ಹೇಳಲಿಲ್ಲ. ಆದರೆ ಒಂದೇ ಅಡುಗೆಮನೆಯಲ್ಲಿ ಓಡಾಡುವ ಸೊಸೆಗೆ ಇಂಥದ್ದು ಹೇಳಬೇಕಾಗುತ್ತದೆಯೇ? ಹಾಲು ಉಕ್ಕಿ ಸೀದು ಮನೆಯೆಲ್ಲ ಕಮಟು ತುಂಬಿದ್ದರೂ ಅತ್ತೆ ಪಕ್ಕದಲ್ಲೇ ನಿಂತು ಹೂಬತ್ತಿ ಹೊಸೆಯುತ್ತಿದ್ದ ದಿನವೇ ಸಪ್ನಾಗೆ ತಿಳಿಯಿತು.

ನೈವೇದ್ಯದ ಪದಾರ್ಥವನ್ನು ಮಾಡುವಾಗ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಪಾಕ ಎಳೆ ಬಂತೋ ಇಲ್ಲವೋ ಬೆರಳು ಹೇಳಬೇಕು, ತಳ ಹಿಡಿಯಿತೋ ಇಲ್ಲವೋ ಮೂಗು ಹೇಳಬೇಕು. ಮೂಗಿಲ್ಲದ ಆ ವರ್ಷದ ಗುಳಂಬ ಸೀದು ಕರಕಲಾಯಿತು. ಮರುದಿನ ನೈವೇದ್ಯವಾಗಿ ಎಲ್ಲರ ಅಂಗೈಗೂ ಬಂತು. ಜಯತೀರ್ಥರಾಯರು ಬಾಯಿಗೆ ಹಾಕಿಕೊಂಡು, ನೀರು ಕುಡಿದು, "ಛಲೋ ಆಗ್ಯದ" ಎಂದರು. ಹೇಮಂತನೂ ಅದನ್ನೇ ಅಂದ. ನಲಿನಿಬಾಯಿಯ ಮುಖ ಅರಳಿತು. ಸಪ್ನಾಗೆ ಅವತ್ತು ಅತ್ತೆಯ ಮೇಲೆ ನಿಜವಾಗಿ ಕರುಣೆ ಬಂತು. ಆ ಕರುಣೆಯೇ ಅವಳನ್ನು ಕೆಡಿಸಿತು.

ಮುಂದಿನ ಬೇಸಿಗೆಯಿಂದ ಅವಳೇ ಒಂದು ಏರ್ಪಾಡು ಮಾಡಿಕೊಂಡಳು. ಎರ್ರಗಡ್ಡದ ರೈತು ಬಜಾರಿನಿಂದ ಹುಳಿ ಮಾವಿನಕಾಯಿ ತರುವಾಗ ಒಂದಿಷ್ಟು ಹೆಚ್ಚಿಗೇ ತರುವಳು. ಅತ್ತೆ ಬೆಳಿಗ್ಗೆ ಮಡಿಯುಟ್ಟು ಗುಳಂಬ ಮಾಡಿ, ಆರಿಸಿ, ಭರಣಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಸಂಜೆ ಪ್ರವಚನ ಕೇಳಲು ಮಠಕ್ಕೆ ಹೋಗುವರು. ಅವರು ಮೆಟ್ಟಿಲು ಇಳಿದದ್ದೇ ಸಪ್ನಾ ಸೆರಗು ಸಿಕ್ಕಿಸಿ ನಿಲ್ಲುವಳು. ತುರಿದು, ಬೆಲ್ಲ ಕುಟ್ಟಿ ಬೆರೆಸಿ, ಉರಿ ತಗ್ಗಿಸಿ, ತುರಿ ಗಾಜಿನಂತೆ ಹೊಳೆಯುವವರೆಗೆ ಕೈಬಿಡದೆ ತಿರುವುವಳು. ಏಲಕ್ಕಿ ಹಾಕಿ ಇಳಿಸಿ, ತಣ್ಣೀರಿನ ಪರಾತದಲ್ಲಿಟ್ಟು ಆರಿಸಿ, ಸೀದದ್ದನ್ನು ಚೆಲ್ಲಿ, ತನ್ನದನ್ನು ತುಂಬಿ, ಅದೇ ಬಟ್ಟೆ ಕಟ್ಟಿ ಗೋಡೆಯ ಮಾಡಿನಲ್ಲಿ ಇಟ್ಟುಬಿಡುವಳು. ಮರುದಿನ ದೇವರೂ ಅದನ್ನೇ ಉಂಡ, ಬಂಧುಗಳೂ ಅದನ್ನೇ ಉಂಡರು. "ನಲಿನಿ ಕೈ ಗುಣ ಯಾರಿಗೂ ಬರೂದಿಲ್ಲ ಬಿಡ್ರಿ" ಎಂದರು. ಹೋದ ವರ್ಷವಂತೂ ನಾದಿನಿ ಶರ್ವರಿಯ ಅತ್ತೆ ಬೆರಳು ಚೀಪಿಕೊಂಡು, "ಮುಂದಿನ ವರ್ಷ ನಮಗೊಂದು ಭರಣಿ ಬೇಕಽ ಬೇಕು" ಎಂದು ಹೇಳಿ ಹೋದರು. ಸಪ್ನಾ ಆಗ ತುಪ್ಪ ಬಡಿಸುತ್ತಿದ್ದಳು. ಹೊಟ್ಟೆ ಉರಿಯಿತೇ ಎಂದರೆ, ಉರಿಯಿತು. ಅದನ್ನು ಮುಚ್ಚಿಡುವುದೇಕೆ?

ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. "ಸಪ್ನಾ, ಈ ವರ್ಷ ನೀ ಮಾಡು." ಅಷ್ಟು ಕೇಳಿದ್ದರೆ ಅವಳು ಹಿಂದಿನದನ್ನೆಲ್ಲ ನುಂಗಿಕೊಂಡು ಹಾಯಾಗಿ ಇರುತ್ತಿದ್ದಳು.

ಈ ವರ್ಷ ಆ ಮಾತು ಬಂದೇಬಿಟ್ಟಿತು ಅನ್ನಿಸಿತು. ಬೇಸಿಗೆಗೆ ಸರಿಯಾಗಿ ಅಧಿಕ ಮಾಸ ಬಿದ್ದಿತ್ತು, ಮಗಳು-ಅಳಿಯನನ್ನು ಕರೆದು ಅಪೂಪವೆಂಬ ಕರಿದ ಸಿಹಿಯ ಬಾಗಿನ ಕೊಡುವ ಮಾಸ. ಶರ್ವರಿ, ಅಳಿಯ ಅಮೋಲ್, ಅವನ ತಾಯಿ, ಮೂವರೂ ಊಟಕ್ಕೆ ಬರುವವರಿದ್ದರು. ನಲಿನಿಬಾಯಿ ಮಣಿಕಟ್ಟು ನೀವಿಕೊಳ್ಳುತ್ತ, "ನನ್ನ ಕೈಲೆ ಇನ್ನ ತಿರುವೂದು ಆಗೂದಿಲ್ಲ. ಈ ಸಲ ಗುಳಂಬ ಕಲಿಸಿ ಕೊಟ್ಟುಬಿಡಬೇಕು" ಎಂದರು.

ಯಾರಿಗೆ ಎಂದು ಸಪ್ನಾ ಕೇಳಲಿಲ್ಲ. ಕೇಳುವುದೇನಿದೆ, ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ. ತವರಿನವರು ಉಡಿ ತುಂಬಿದ್ದ ಹೊಸ ಇಳಕಲ್ ಸೀರೆಯನ್ನು ತೆಗೆದಳು. ಅತ್ತೆ ಮಾಡುವುದನ್ನು ಇಷ್ಟು ವರ್ಷ ನೋಡಿದ್ದಳಲ್ಲ, ಹಾಗೆಯೇ ತಲೆಗೆ ಸ್ನಾನ ಮಾಡಿ, ಸೀರೆ ಒಗೆದು, ಮಾಳಿಗೆಯ ಮೇಲೆ ಯಾರೂ ಮುಟ್ಟದ ಹಾಗೆ ಕೋಲಿನಿಂದ ತಂತಿಗೆ ಹರವಿದಳು. ಕೆಳಗಿಳಿಯುವಾಗ ತನಗೆ ತಾನೇ ನಗುತ್ತಿದ್ದಳು. ಹುಚ್ಚಿ.

ಮರುದಿನ ಬೆಳಿಗ್ಗೆ ಭಕ್ತಿ ಬಂದಳು. ನಲಿನಿಬಾಯಿಯ ತಮ್ಮನ ಮಗಳು. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು ಏನೋ ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದಳು. ಪಾಪ, ಒಳ್ಳೆಯ ಹುಡುಗಿಯೇ. ಮ್ಯಾಗಿಗೆ ನೀರು ಎಷ್ಟು ಹಾಕಬೇಕೆಂಬುದು ಅವಳಿಗೆ ಇನ್ನೂ ಗಟ್ಟಿಯಾಗಿರಲಿಲ್ಲ, ಅಷ್ಟೇ.

"ಭಕ್ತೀ, ಲಗೂ ಸ್ನಾನಾ ಮಾಡು. ಇವತ್ತ ನಿನಗ ಗುಳಂಬ ಕಲಸ್ತೀನಿ," ಎಂದರು ನಲಿನಿಬಾಯಿ. "ನಮ್ಮ ಮನಿ ಪದ್ಧತಿ ನಮ್ಮವರ ಕೈಯಾಗಽ ಉಳೀಬೇಕು ನೋಡು."

"ಅತ್ಯಾ, ನನಗ ಮಡಿ ಸೀರಿ ಎಲ್ಲಿಂದ ಬರ್ಬೇಕು?"

"ಮಾಳಗಿ ಮ್ಯಾಲೆ ಒಣಗ್ಯದಲಾ, ತೊಗೊಂಬಾ." ಆಮೇಲೆ ಸೊಸೆಯ ಕಡೆ ತಿರುಗಿ, "ಛಲೋ ಮಾಡಿದಿ ಸಪ್ನಾ, ಭಕ್ತಿಗಂತ ನೆನಪಿಟ್ಟು ಒಣಗ ಹಾಕಿದಿ" ಎಂದರು.

ತನ್ನ ಸೀರೆಯುಟ್ಟ ಭಕ್ತಿ ನೆರಿಗೆ ಎಡವುತ್ತ ಮಡಿಯ ಒಲೆಯ ಮುಂದೆ ಹೋಗಿ ಕುಳಿತದ್ದನ್ನು ಸಪ್ನಾ ಹೊಸ್ತಿಲಾಚೆ ನಿಂತು ನೋಡಿದಳು.

ತುರಿ ಬೆಲ್ಲದಲ್ಲಿ ಕರಗಿ ಕುದಿಯತೊಡಗಿತು. ಉರಿ ಹೆಚ್ಚಾಗಿದೆ ಎಂಬುದು ಸಪ್ನಾಗೆ ಸದ್ದಿನಲ್ಲೇ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ತಳ ಹಿಡಿದ ಮೊದಲ ವಾಸನೆ ಬಂತು. ಆಗ ಉರಿ ಆರಿಸಿ ಮೇಲಿನದನ್ನು ಬೇರೆ ಪಾತ್ರೆಗೆ ತೆಗೆದಿದ್ದರೆ ಉಳಿಯುತ್ತಿತ್ತು.

"ಅತ್ಯಾ, ಏನೋ ವಾಸನಿ ಬರ್ಲಿಕ್ಕತ್ತದ," ಎಂದಳು ಭಕ್ತಿ.

"ಬೆಲ್ಲ ಕುದಿಯೋವಾಗ ಹಂಗಽ ಬರ್ತದ. ತಿರುವು. ಇನ್ನೂ ಎಳಿ ಬಂದಿಲ್ಲ."

ಸಪ್ನಾ ಹೊಸ್ತಿಲಲ್ಲೇ ಇದ್ದಳು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಅವಳು ಮರೆತಳೆಂದಾಗಲಿ, ಅಂಜಿದಳೆಂದಾಗಲಿ ಹೇಳಿ ಅವಳ ಪರ ವಹಿಸುವುದಿಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡಳು, ಸೀಯಲಿ ಎಂದೇ ನಿಂತಳು.

ಸಂಜೆ ನಲಿನಿಬಾಯಿ ಭರಣಿಗೆ ಬಟ್ಟೆ ಕಟ್ಟಿ ಮಾಡಿನಲ್ಲಿಟ್ಟು, ಭಕ್ತಿಯನ್ನು ಕರೆದುಕೊಂಡು ಮಠಕ್ಕೆ ಹೊರಟರು. ಬಾಗಿಲಲ್ಲಿ ನಿಂತು, ಪ್ರತಿವರ್ಷದಂತೆ, "ನಾ ಬರೂದು ತಡಾ ಆಗ್ತದ" ಎಂದರು. ಸಪ್ನಾ ಹೂಂ ಎಂದಳು. ಹೆಚ್ಚಿಗೆ ತಂದಿದ್ದ ಮಾವಿನಕಾಯಿ ಅಡುಗೆಮನೆಯ ಬುಟ್ಟಿಯಲ್ಲೇ ಇದ್ದವು. ಅವಳು ಅವುಗಳ ಕಡೆ ತಿರುಗಿಯೂ ನೋಡದೆ ಹಾಲ್‌ನಲ್ಲಿ ಕುಳಿತು ಒಗೆದ ಬಟ್ಟೆ ಮಡಿಚಿದಳು.

ನಲಿನಿಬಾಯಿ ಬಂದವರೇ ನೆಟ್ಟಗೆ ಮಾಡಿನ ಕಡೆ ಹೋದರು. ಭರಣಿಯ ಮುಂದೆ ತುಸು ಹೊತ್ತು ನಿಂತರು. ಭಕ್ತಿ ಫೋನ್ ಹಿಡಿದು ಬಾಲ್ಕನಿಗೆ ಹೋದ ಮೇಲೆ ಸೊಸೆಯ ಬಳಿ ಬಂದು ದನಿ ತಗ್ಗಿಸಿದರು.

"ಈ ಸಲ ಯಾಕ ಬದಲು ಮಾಡಿಲ್ಲ?"

ಸಪ್ನಾಳ ಕೈಯಲ್ಲಿದ್ದ ಟವೆಲ್ ಕೈಯಲ್ಲೇ ಉಳಿಯಿತು.

"ಭರಣಿ ಗಂಟು ನಂದಽ ಅದ," ಎಂದರು ನಲಿನಿಬಾಯಿ. "ಇಷ್ಟು ವರ್ಷ ನೀ ಕಟ್ಟಿದ್ದು ನಿಮ್ಮಪ್ಪನ ಅಂಗಡಿ ಚೀಲದ ಗಂಟು. ನನಗ ಮೂಗಿಲ್ಲ, ಕಣ್ಣು ಅವ."

"ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿಲ್ಲದಽ ಏನು? ಪ್ರತಿವರ್ಷ ಗುಳಂಬದ ದಿನಾನಽ ನಾ ಯಾಕ ಮಠಕ್ಕ ಹೋಗ್ತಿದ್ದೆ ಅನಕೊಂಡಿ? ನಿನಗ ಹೊತ್ತು ಸಿಗಲೀಂತ. ನೀ ಮಾಡಿದ್ದು ನಾ ನೋಡಿಲ್ಲ. ನೋಡಲಾರದ್ದಕ್ಕ ದೋಷ ಇಲ್ಲ. ದೇವರಿಗೂ ನಡೀತು, ಮಂದಿಗೂ ನಡೀತು. ಇದರಾಗ ಯಾರಿಗೆ ಏನು ಕಮ್ಮಿ ಆತು?"

"ಹಂಗಾರ ಇವತ್ತ ಭಕ್ತಿಗ್ಯಾಕ ಕಲಿಸಿದಿರಿ?"

"ನಾಳೆ ಮಂದಿ ಕೇಳಿದ್ರ ಹೇಳ್ಲಿಕ್ಕೆ ಒಂದು ಹೆಸರು ಬೇಕಲ್ಲ. ಅಕಿ ಹೆಸರು ಇರ್ಲಿ, ಕೈ ನಿಂದು ಇರ್ಲಿ. ಏಳು, ಮಾವಿನಕಾಯಿ ಅವಲಾ, ಲಗೂ ಮಾಡಿಬಿಡು. ನಾ ಒಳಗ ಹೋಗಿ ಜಪಕ್ಕ ಕೂಡ್ತೀನಿ."

ಇಷ್ಟು ದಿನ ಅತ್ತೆಗೆ ಗೊತ್ತಿಲ್ಲ ಎಂದುಕೊಂಡೇ ಸಪ್ನಾ ಸಹಿಸಿದ್ದಳು. ಕದ್ದು ಮಾಡಿದ್ದಕ್ಕೆ ಯಾರು ಹೊಗಳುತ್ತಾರೆ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ತನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದರು ಎಂಬುದು ಈಗ ಎದೆಗೆ ಇರಿಯಿತು. ಸಿಟ್ಟು ಬಂದಾಗ ಅವಳ ಬಾಯಿಂದ ತವರಿನ ಮಾತೇ ಬರುತ್ತಿತ್ತು.

"ಮಾಡ್ತೀನ್ರಿ. ಮಾವಿನಕಾಯಿ ಐತಿ, ಬೆಲ್ಲ ಐತಿ, ನಂಗ ರೆಟ್ಟಿ ಐತಿ. ನೀವು ಒಂದು ಕೆಲಸ ಮಾಡ್ರಿ. ಇಲ್ಲೆ ಬಾಗಿಲದಾಗ ಮಣಿ ಹಾಕ್ಕೊಂಡು ಕುಂದ್ರಿ. ನಾ ಮಾಡೂದು ಕಣ್ಣಾರೆ ನೋಡ್ರಿ. ಭಾಳ ಏನ್ ಬ್ಯಾಡ, ಅಷ್ಟಽ ಸಾಕು."

ನಲಿನಿಬಾಯಿ ಅವಳನ್ನೇ ನೋಡಿದರು. ಗೋಡೆಗೆ ಒರಗಿಸಿಟ್ಟಿದ್ದ ಮಣೆಯನ್ನೂ ನೋಡಿದರು. ಒಂದು ಗಳಿಗೆ ಕೈ ಆ ಕಡೆ ಹೋಗುತ್ತದೇನೋ ಅನ್ನಿಸಿತು. ಹೋಗಲಿಲ್ಲ. ದೇವರ ಕೋಣೆಗೆ ನಡೆದು ಬಾಗಿಲು ಮುಂದೆ ಮಾಡಿಕೊಂಡರು.

ಮರುದಿನ ಬೀಗರ ಎಲೆಗೆ ಸೀದ ಗುಳಂಬವೇ ಬಂತು. ಅಮೋಲ್‌ನ ತಾಯಿ ಆಸೆಯಿಂದ ಬೆರಳಲ್ಲಿ ತೆಗೆದುಕೊಂಡು ನಾಲಿಗೆಗೆ ಹಚ್ಚಿದರು. ಅವರ ಹುಬ್ಬು ಕೂಡಿದವು. ಶರ್ವರಿ ತಾಯಿಯ ಮುಖ ನೋಡಿದಳು. ಹೇಮಂತ, "ಛಲೋ ಆಗ್ಯದ" ಎಂದು ಎಲೆಗೇ ಹೇಳಿದ. ಭರಣಿಯ ಮಾತು ಬಂದಾಗ ಅಮೋಲ್‌ನ ತಾಯಿ, ಈಚೆಗೆ ಡಾಕ್ಟರು ಸಿಹಿ ಬಿಡಿಸಿದ್ದಾರೆ ಎಂದರು. ಅದೇ ಬಾಯಲ್ಲಿ ಎರಡು ಅಪೂಪ ತಿಂದು ಮುಗಿಸಿದ್ದರು.

ಪಂಕ್ತಿ ಸುಮ್ಮನಾಯಿತು. ನಲಿನಿಬಾಯಿಗೆ ರುಚಿ ತಿಳಿಯದಿದ್ದರೂ ಆ ಮೌನ ತಿಳಿಯಿತು. ನಗುತ್ತ ಹೇಳಿದರು.

"ಏನು ಮಾಡೂದ್ರಿ, ಈ ಸಲ ಬೆಲ್ಲಽ ಸರಿ ಇರಲಿಲ್ಲ. ಸೊಸಿ ತವರಮನಿಯಿಂದ ಬಂದದ್ದು, ಬ್ಯಾಡ ಅನ್ಲಿಕ್ಕೂ ಬರೂದಿಲ್ಲ."

ಸಪ್ನಾ ಸಾರಿನ ಪಾತ್ರೆ ಹಿಡಿದು ಹೇಮಂತನ ಎಲೆಯ ಮುಂದೆ ನಿಂತಿದ್ದಳು. ಬೆಲ್ಲವನ್ನು ಅಂಗಡಿಯಲ್ಲಿ ತಾವೇ ಮುರಿದು, ಬಾಯಿಗೆ ಹಾಕಿ ನೋಡಿ, ಬೀಗರಿಗೆಂದು ಬೇರೆ ಕಟ್ಟಿಸಿದ ಅಪ್ಪ ಅವಳ ಕಣ್ಣ ಮುಂದೆ ಬಂದರು. ಬೆಲ್ಲ ಹೊತ್ತು ತಂದವನು ಹೇಮಂತನೇ. ಅವನು ಏನಾದರೂ ಅಂದಾನು ಎಂದು ಅವಳು ಕಾದಳು. ಅವನು, "ಸಾರು ಹಾಕು" ಎಂದ. ಜಯತೀರ್ಥರಾಯರು ಊಟಕ್ಕೆ ಮೊದಲು ಎಲೆಯ ಪಕ್ಕದಲ್ಲಿಟ್ಟ ಚಿತ್ರಾಹುತಿಯ ಅಗುಳನ್ನು ಬೆರಳಿಂದ ಸರಿಸುತ್ತ ಕುಳಿತಿದ್ದರು.

ಬೀಗರು ಹೋದರು, ಭಕ್ತಿಯೂ ಹಾಸ್ಟೆಲಿಗೆ ಹೋದಳು. ಇಳಿಹೊತ್ತಿಗೆ ಸಪ್ನಾ ಬುಟ್ಟಿಯ ಮಾವಿನಕಾಯಿಗಳನ್ನು ಹಾಲ್‌ನ ನಡುವೆಯೇ ಹರವಿಕೊಂಡು ಎಲ್ಲರ ಎದುರಿಗೆ ತುರಿಯತೊಡಗಿದಳು. ನಲಿನಿಬಾಯಿ ಅದನ್ನು ಕಂಡರು. ಅವರ ಮುಖದ ಬಿಗಿ ಸಡಿಲಿತು. ಎದ್ದು ಸೆರಗು ಹೊದ್ದು, ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ಚಾಚಿದರು.

"ಮಠಕ್ಕ ಹೋಗಿಬರ್ತೀನಿ. ಬರೂದು ತಡಾ ಆಗ್ತದ," ಎಂದರು. ದನಿಯಲ್ಲಿ ಹಳೆಯ ಸಲಿಗೆ ಬಂದಿತ್ತು.

ಸಪ್ನಾ ತುರಿಯುವುದನ್ನು ನಿಲ್ಲಿಸಲಿಲ್ಲ.

"ಮಠಕ್ಕ ಹೋಗೂದು ಬ್ಯಾಡ್ರಿ, ಮನ್ಯಾಗಽ ಇರ್ರಿ," ಎಂದಳು. "ಇದು ನಿಮ್ಮ ಭರಣಿಗಲ್ಲ. ಉಪ್ಪಲ್‌ಗೆ ಒಯ್ಯಾಕ ಮಾಡಾಕತ್ತೀನಿ, ನಮ್ಮಪ್ಪಗ."

ನಲಿನಿಬಾಯಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು. ಹೊರಗೆ ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಸಪ್ನಾ ತುರಿಯನ್ನೆಲ್ಲ ಬಳಿದು ಪಾತ್ರೆಗೆ ಹಾಕಿ, ಮಡಿಯ ಒಲೆಯನ್ನು ದಾಟಿ ಹೋಗಿ, ತನ್ನ ಒಲೆ ಹಚ್ಚಿದಳು.