ಮೂಗು ಒಣಗಿದ ಮೇಲೆ ಬಾ

ನನಗೆ, ಅಂದರೆ ಈ ಪಂಪಾವತಿಗೆ, ಸಿಟ್ಟು ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ಹೇಳಲಿ. ಹದಿನಾಲ್ಕು ಕೂಸುಗಳನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿಕೊಳ್ಳುವವಳಿಗೆ ಸಿಟ್ಟು ಬರದೆ ಇನ್ನಾರಿಗೆ ಬರಬೇಕು?

ತಾವರಗೇರಾದಿಂದ ನಾಲ್ಕು ಮೈಲಿ ಒಳಗೆ ನಮ್ಮೂರು. ಹಳೆಯ ಶಾಲೆಯ ಒಂದು ಕೋಣೆಗೆ ಸುಣ್ಣ ಬಳಿದು, ಗೋಡೆಗೆ ಗಿಳಿ, ಆನೆ ಬರೆಸಿ ಅದನ್ನು ಕೂಸಿನ ಮನೆ ಮಾಡಿದ್ದಾರೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಮೂರು ವರ್ಷದೊಳಗಿನ ತಮ್ಮ ಕೂಸುಗಳನ್ನು ಅಲ್ಲಿ ಬಿಟ್ಟು ಕೆರೆಯ ಹೂಳು ತೆಗೆಯಲು ಹೋಗುತ್ತಾರೆ. ನೋಡಿಕೊಳ್ಳುವವರು ಇಬ್ಬರು, ನಾನು ಮತ್ತು ಜೈನಾಬೀ. ಜೈನಾಬೀ ಕೂಸುಗಳನ್ನು ನಗಿಸುತ್ತಾಳೆ, ನಾನು ತಾಯಂದಿರನ್ನು ಬಯ್ಯುತ್ತೇನೆ. ಕೆಲಸ ಸರಿಯಾಗಿ ನಡೆದಿತ್ತು.

ಶುರುವಿನಲ್ಲಿ ನಮಗೆ ಒಂದು ವಾರ ತರಬೇತಿ ಕೊಟ್ಟಿದ್ದರು. ನೆಗಡಿಯಾದ ಕೂಸನ್ನು ಯಾವಾಗ ಉಳಿದವರ ಜೊತೆ ಬಿಡಬೇಕು, ಯಾವಾಗ ಬಿಡಬಾರದು ಅಂತ ಒಂದು ಇಡೀ ಮಧ್ಯಾಹ್ನ ಹೇಳಿದರು. ಊಟವಾದ ಮೇಲಿನ ಹೊತ್ತು, ನನಗೆ ಅರ್ಧ ನಿದ್ದೆ. ಕಾಯಿಲೆಯ ಕೂಸನ್ನು ಒಳಗೆ ಬಿಡಬೇಡಿ ಅನ್ನುವುದೊಂದು ಕಿವಿಗೆ ಬಿತ್ತು, ಉಳಿದದ್ದನ್ನು ನಾನೇ ತುಂಬಿಕೊಂಡೆ. ಹಣೆ ಬಿಸಿ ಇದ್ದರೆ ಒಳಗಿಲ್ಲ, ಮೂಗು ಸೋರಿದರೆ ಒಳಗಿಲ್ಲ. ಜ್ವರ ನೋಡುವ ಯಂತ್ರವನ್ನೂ ಕೊಟ್ಟಿದ್ದರು. ಅದನ್ನು ನಾನು ಡಬ್ಬಿಯಿಂದ ಹೊರಗೇ ತೆಗೆದಿರಲಿಲ್ಲ. ಇಬ್ಬರು ಮಕ್ಕಳನ್ನು ಸಾಕಿದ ಕೈಗೆ ಯಂತ್ರ ಬೇಕೇ ಅನ್ನುವ ಸೊಕ್ಕು. ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ಬಂದ ಒಂದೊಂದು ಕೂಸಿನ ಹಣೆಗೂ ಕೈಯ ಹಿಂಬದಿ ಇಟ್ಟು ನೋಡಿ ಒಳಗೆ ಬಿಡುತ್ತಿದ್ದೆ.

ಸುಕನ್ಯಾ ಕೆಳಗಿನ ಓಣಿಯವಳು. ಗಂಡ ದುರಗೇಶ ಭತ್ತ ಕೊಯ್ಯುವ ಯಂತ್ರದ ಜೊತೆ ಊರೂರು ತಿರುಗುತ್ತಾನೆ, ಮನೆಯಲ್ಲಿ ಅತ್ತೆ ಮುದಕಮ್ಮ. ಇವರಿಗೆ ಒಂದೂವರೆ ವರ್ಷದ ಒಂದು ಹೆಣ್ಣುಕೂಸು. ದುರಗೇಶನ ಅಜ್ಜಿಯ ಹೆಸರಿಟ್ಟು ಹೊಳಿಯಮ್ಮ ಅಂತ ಕರೆದಿದ್ದರು, ಎಲ್ಲರ ಬಾಯಲ್ಲಿ ಹೊಳಿ. ಹೆಸರು ಅಷ್ಟು ದೊಡ್ಡದು, ಕೂಸು ಇಷ್ಟೇ ಇಷ್ಟು. ತಿಂಗಳು ತುಂಬುವ ಮೊದಲೇ ಹುಟ್ಟಿ, ಇಪ್ಪತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಉಳಿದು ಬಂದ ಜೀವ ಅದು. ನೆಗಡಿಯಾದರೆ ಎದೆಗೇ ಇಳಿಯುತ್ತದೆ ಅಂತ ಸುಕನ್ಯಾ ಮೊದಲ ದಿನವೇ ನನಗೆ ಹೇಳಿ ಕೂಸನ್ನು ಕೈಗಿಟ್ಟಿದ್ದಳು.

ಫೆಬ್ರುವರಿಯಲ್ಲಿ ಹೊಳಿಗೆ ನೆಗಡಿಯಾಯಿತು. ಮೂರು ದಿನ ಸುಕನ್ಯಾ ತಾನೇ ಮನೆಯಲ್ಲಿಟ್ಟುಕೊಂಡಳು. ನಾಲ್ಕನೆಯ ದಿನ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. ಜ್ವರ ಬಿಟ್ಟು ಎರಡು ದಿನವಾಯಿತು, ಔಷಧವನ್ನೂ ನಿಲ್ಲಿಸಿದ್ದೇನೆ, ರೊಟ್ಟಿ ತಿನ್ನುತ್ತಾಳೆ, ಆಡುತ್ತಾಳೆ, ಮೂಗೊಂದೇ ಸೋರುತ್ತದೆ ಅಂದಳು. ನಾನು ಹಣೆ ಮುಟ್ಟಿದೆ. ತಣ್ಣಗಿತ್ತು. ಕೂಸು ನನ್ನ ಬಳೆ ಹಿಡಿದು ಎಳೆಯಿತು. ಆದರೆ ಮೂಗಿನಿಂದ ತುಟಿಯವರೆಗೆ ಸಿಂಬಳ ಇಳಿದಿತ್ತು.

"ಮೂಗು ಒಣಗಿದ ಮ್ಯಾಲೆ ಬಾ," ಅಂದೆ.

ಮರುದಿನ ಬಂದಳು, ಅದೇ ಮಾತು ಹೇಳಿದೆ. ಅದರ ಮರುದಿನವೂ ಅಷ್ಟೇ. ಹೀಗೆ ಒಂಬತ್ತು ದಿನ ಆಕೆ ಬಂದು ನಿಂತಳು, ಒಂಬತ್ತು ದಿನ ನಾನು ವಾಪಸ್ಸು ಕಳಿಸಿದೆ. ಆಕೆ ಒಮ್ಮೆಯೂ ಎದುರು ಮಾತಾಡಲಿಲ್ಲ. ಕೂಸನ್ನು ಕೆರೆಗೇ ಕರೆದುಕೊಂಡು ಹೋಗಿ, ಜಾಲಿಮರಕ್ಕೆ ಸೀರೆ ಕಟ್ಟಿ ಜೋಳಿಗೆ ಮಾಡಿ, ಆ ಧೂಳಿನಲ್ಲಿ ಮಲಗಿಸಿ ಮಣ್ಣು ಹೊತ್ತಳಂತೆ. ಇಷ್ಟು ಯಾಕೆ ಹಟ ಅಂತ ಜೈನಾಬೀ ಕೇಳಿದಳು. ಒಂದಕ್ಕೆ ಬಿಟ್ಟರೆ ಹದಿನಾಲ್ಕಕ್ಕೂ ಬರುತ್ತದೆ ಅಂದೆ. ನನ್ನ ಮಾತು ನನಗೇ ಭಾಳ ಸರಿ ಅನ್ನಿಸಿತು.

ಹತ್ತನೆಯ ದಿನ ನನ್ನ ಮನೆಯಲ್ಲೇ ಜ್ವರ ಬಂತು.

ಮಗಳು ಸುರೇಖಾ ತನ್ನ ಎರಡು ವರ್ಷದ ಮಗ ಸಿದ್ದಲಿಂಗೇಶನ ಜೊತೆ ನನ್ನ ಮನೆಯಲ್ಲೇ ಇದ್ದಾಳೆ. ಅಳಿಯ ಉಮಾಪತಿ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿದ್ದಾನೆ, ಅಲ್ಲಿ ಇನ್ನೂ ಮನೆ ಮಾಡಿಲ್ಲ. ಅಂದು ಸುರೇಖಾಗೆ ಕೊಪ್ಪಳದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಪರೀಕ್ಷೆ ಇತ್ತು. ನಾಲ್ಕು ತಿಂಗಳಿಂದ ಅದಕ್ಕಾಗಿ ಬೆರಳು ನೋಯುವಂತೆ ಟೈಪ್ ಮಾಡಿದ್ದಳು. ಬೆಳಗಿನ ಐದೂವರೆಗೆ ಎಬ್ಬಿಸಲು ಹೋದರೆ ಸಿದ್ದುವಿನ ಮೈ ಹಂಚಿನ ಹಾಗೆ ಕಾದಿತ್ತು.

ಸುರೇಖಾ ಜ್ವರದ ಔಷಧ ಕುಡಿಸಿದಳು. ಆರು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು.

"ಅವ್ವಾ, ಇವತ್ತೊಂದು ದಿನ ನಿನ್ನ ಹಂತ್ಯಾಕ ಇಟ್ಕೊ. ಔಷಧ ಹಾಕೀನಿ, ಎಂಟು ಗಂಟೆಕ್ಕ ಇಳೀತೈತಿ. ಯಾರಿಗೂ ಗೊತ್ತಾಗೂದಿಲ್ಲ," ಅಂದಳು.

ನನ್ನ ಬಳಿ ಸಬೂಬುಗಳಿಗೆ ಬರವಿರಲಿಲ್ಲ. ಜೈನಾಬೀ ತಂಗಿಯ ಬಾಣಂತನಕ್ಕೆ ಹುಲಿಹೈದರಕ್ಕೆ ಹೋಗಿದ್ದಳು. ನಾನು ಬಾಗಿಲು ಹಾಕಿದರೆ ಹದಿನಾಲ್ಕು ಹೆಣ್ಣುಮಕ್ಕಳ ಅಂದಿನ ಕೆಲಸ ಹೋಗುತ್ತದೆ. ಪಕ್ಕದ ಮನೆಯ ಮುದುಕಿಗೆ ಕಣ್ಣು ಕಾಣುವುದಿಲ್ಲ. ಎಲ್ಲವೂ ನಿಜವೇ. ಆದರೆ ಇವೇ ಕಾರಣಗಳನ್ನು ಸುಕನ್ಯಾ ತಂದಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಎಂಟರ ಹೊತ್ತಿಗೆ ಸಿದ್ದುವಿನ ಹಣೆ ತಣ್ಣಗಾಗಿತ್ತು. ಮೂಗಿನಲ್ಲಿ ಒಂದು ಹನಿ ನೀರಿರಲಿಲ್ಲ. ನನ್ನದೇ ಪರೀಕ್ಷೆಯಲ್ಲಿ ನನ್ನ ಮೊಮ್ಮಗ ಪಾಸಾಗಿದ್ದ. ಅವನನ್ನು ಕೂಸಿನ ಮನೆಗೆ ಒಯ್ದು, ಮೂಲೆಯ ಚಾಪೆಯ ಮೇಲೆ ಕೂರಿಸಿ ಹೊಸ್ತಿಲಿಗೆ ಬಂದು ನಿಂತೆ. ಆಗ ಸುಕನ್ಯಾ ಬಂದಳು. ಹೊಳಿಯ ಮುಖ ತೊಳೆದು, ಪೌಡರ್ ಹಚ್ಚಿ, ಕಾಡಿಗೆ ಇಟ್ಟಿದ್ದಳು. ಮೂಗು ಒಣಗಿತ್ತು.

"ಇವತ್ತ ನೋಡ್ರಿ ಅಕ್ಕಾರ," ಅಂದಳು, ನಗುತ್ತ.

ಆಗಲಾದರೂ ನಾನು ಹೇಳಬೇಕಿತ್ತು. ಇವತ್ತೊಂದು ದಿನ ಬೇಡ, ನನ್ನ ಮೊಮ್ಮಗನಿಗೆ ಜ್ವರ ಐತಿ ಅಂತ ಒಂದು ಮಾತು. ಒಂಬತ್ತು ದಿನ ವಾಪಸ್ಸು ಕಳಿಸಿದವಳ ಮುಂದೆ ಆ ಮಾತು ಹೇಗೆ ಆಡುವುದು? ಕೈ ಚಾಚಿ ಕೂಸನ್ನು ಇಸಿದುಕೊಂಡೆ.

ಸಿದ್ದು ಮೂಲೆಯಲ್ಲಿ ಎಷ್ಟು ಹೊತ್ತು ಕೂತಾನು? ಔಷಧ ಕೆಲಸ ಮಾಡುವಷ್ಟು ಹೊತ್ತು ಚೆನ್ನಾಗಿಯೇ ಆಡಿದ. ನನ್ನ ಜೊತೆ ಆಗಾಗ ಅಲ್ಲಿಗೆ ಬರುತ್ತಿದ್ದ ಅವನಿಗೆ ಹೊಳಿ ಎಂದರೆ ಜೀವ. ತಾನು ಚೀಪುತ್ತಿದ್ದ ಚಮಚವನ್ನು ಅದರ ಬಾಯಿಗಿಟ್ಟ, ಅದರ ಕೆನ್ನೆಗೆ ಕೆನ್ನೆ ಹಚ್ಚಿ ಕೆಮ್ಮಿದ. ನಾನು ಒಬ್ಬಳೇ. ಎಳೆದು ದೂರ ಕೂರಿಸಿ ಗಂಜಿ ಕಾಸಲು ತಿರುಗುವಷ್ಟರಲ್ಲಿ ಮತ್ತೆ ಅಲ್ಲೇ ಇರುತ್ತಿದ್ದ. ಹನ್ನೊಂದೂವರೆಗೆ ಅವನ ಮೈ ಮತ್ತೆ ಕಾಯಿತು. ಒದ್ದೆ ಬಟ್ಟೆ ಹಾಕಿ, ಇನ್ನೊಂದು ಸಲ ಔಷಧ ಕುಡಿಸಿ ಮಲಗಿಸಿದೆ. ಮಧ್ಯಾಹ್ನ ತಾಯಂದಿರು ಬಂದಾಗ ಅವನ ಮೇಲೆ ಸೀರೆ ಹೊದಿಸಿದ್ದೆ. ಎಲ್ಲಾ ಛಲೋ ಅದಾವ ಅಂತ ಹೇಳಿ ಒಂದೊಂದಾಗಿ ಕೂಸುಗಳನ್ನು ಕೊಟ್ಟು ಕಳಿಸಿದೆ.

ಮೂರು ದಿನದಲ್ಲಿ ಸಿದ್ದು ಎದ್ದು ಓಡಾಡಿದ. ನಾಲ್ಕನೆಯ ದಿನ ಬೆಳಿಗ್ಗೆ ಹೊಳಿ ಬರಲಿಲ್ಲ. ರಾತ್ರಿಯೆಲ್ಲ ಜ್ವರ, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಿತ್ತು, ಕುಷ್ಟಗಿಗೆ ಒಯ್ದರೆ ಅಲ್ಲಿಂದ ಕೊಪ್ಪಳಕ್ಕೆ ಕಳಿಸಿದರು ಅಂತ ಕೆರೆಯ ಕೆಲಸದವರು ಹೇಳಿದರು. ಮರುದಿನ ಜೈನಾಬೀ ಬಂದಳು, ನಾನು ಕೊಪ್ಪಳದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಹೊಳಿ ಒಂದು ದೊಡ್ಡ ಮಂಚದ ನಡುವೆ ಮಲಗಿತ್ತು. ಮೂಗಿಗೆ ಆಮ್ಲಜನಕದ ಕೊಳವೆ, ಪುಟ್ಟ ಕೈಗೆ ಸೂಜಿ. ಪ್ರತಿ ಉಸಿರಿಗೂ ಎದೆಗೂಡು ಎದ್ದು ಬೀಳುತ್ತಿತ್ತು. ನನ್ನ ಬಳೆ ಹಿಡಿದು ಎಳೆಯುತ್ತಿದ್ದ ಕೂಸು ನನ್ನನ್ನು ಕಣ್ಣು ತೆರೆದು ನೋಡಲೂ ಇಲ್ಲ. ಮುದಕಮ್ಮ ನೆಲದ ಮೇಲೆ ಕೂತು ಸೊಸೆಯನ್ನು ಬಯ್ಯುತ್ತಿದ್ದಳು. ಕೂಸಿಗಿಂತ ಈಕೆಗೆ ಕೂಲಿ ಹೆಚ್ಚಾಯಿತು, ಪೂರಾ ಆರಾಮ ಆಗುವ ಮೊದಲೇ ಒಯ್ದು ಬಿಟ್ಟಳು, ಮಗ ಬಂದರೆ ಏನು ಹೇಳಲಿ ಅಂತ ಒಂದೇ ಸಮನೆ. ಸುಕನ್ಯಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು.

"ತಪ್ಪಾತ್ರಿ ಅಕ್ಕಾರ. ನೀವು ಹೇಳಿದಂಗ ಇನ್ನೆರಡು ದಿನ ಮನ್ಯಾಗ ಇಟ್ಕೋಬೇಕಿತ್ತು," ಅಂದಳು.

ಆಕೆ ನನ್ನ ಕ್ಷಮೆ ಕೇಳುತ್ತಿದ್ದಳು. ಇದಕ್ಕಿಂತ ಆಕೆ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ನಾನು ತಂದ ಬಾಳೆಹಣ್ಣನ್ನು ಮಂಚದ ಮೇಲಿಟ್ಟು ಸುಮ್ಮನೆ ನಿಂತೆ. ಹೌದು, ಸುಮ್ಮನೆ ನಿಂತೆ. ಅದನ್ನೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ವೈದ್ಯೆ ಬಂದಳು, ನನ್ನ ಸುರೇಖಾಳ ವಯಸ್ಸಿನ ಹುಡುಗಿ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಿ, ಕೂಸಿನ ಹತ್ತಿರ ಜ್ವರ ಬಂದವರು ಯಾರಾದರೂ ಇದ್ದರೇ ಅಂತ ಕೇಳಿದಳು.

"ಇಲ್ರಿ ಮೇಡಮ್ಮರ, ಮನ್ಯಾಗ ಯಾರಿಗೂ ಇಲ್ಲ," ಅಂದಳು ಸುಕನ್ಯಾ. "ಕೂಸಿನ ಮನ್ಯಾಗಂತೂ ಇರೂದಾ ಇಲ್ಲ. ನಮ್ಮ ಅಕ್ಕಾರು ಭಾಳ ಖಡಕ್ ಅದಾರ. ಜ್ವರದ ಕೂಸಿಗೆ ಒಳಗ ಬಿಡೂದಿಲ್ಲ."

ಹೇಳಿ ನನ್ನ ಕಡೆ ನೋಡಿದಳು, ಸಾಕ್ಷಿಗೆ. ವೈದ್ಯೆಯೂ ನೋಡಿದಳು.

"ಇತ್ರಿ," ಅಂದೆ. "ನನ್ನ ಮೊಮ್ಮಗಗ ಜ್ವರ ಇತ್ತು. ನನಗ ಗೊತ್ತಿತ್ತು. ಔಷಧ ಹಾಕಿ ಒಳಗ ಇಟ್ಕೊಂಡಿದ್ದೆ."

ವೈದ್ಯೆ ಬಯ್ಯಲಿಲ್ಲ. ಔಷಧದಿಂದ ಇಳಿದ ಜ್ವರ ಹೋದ ಜ್ವರವಲ್ಲ ಅಂದಳು. ಔಷಧ ಕೊಡದೆಯೂ ಒಂದು ಇಡೀ ದಿನ ಜ್ವರ ಬಾರದಿದ್ದರೆ, ಕೂಸು ಉಂಡು ಆಡಿಕೊಂಡಿದ್ದರೆ, ಆಗ ಉಳಿದವರ ಜೊತೆ ಬಿಡಬಹುದು. ಮೂಗು ಹತ್ತು ಹದಿನೈದು ದಿನ ಸೋರುತ್ತದೆ, ಅದೊಂದಕ್ಕೇ ಕೂಸನ್ನು ಮನೆಯಲ್ಲಿ ಕೂರಿಸಬೇಕಿಲ್ಲ. ಈ ಕೂಸಿಗೆ ನಿಮ್ಮ ಮೊಮ್ಮಗನಿಂದಲೇ ಬಂತು ಅಂತ ಖಾತ್ರಿಯಾಗಿ ಹೇಳಲು ಬರುವುದಿಲ್ಲ ಅಂತಲೂ ಅಂದಳು. ಆ ಕೊನೆಯ ಮಾತನ್ನು ಹಿಡಿದುಕೊಂಡು ಪಾರಾಗಬಹುದಿತ್ತು. ಆದರೆ ಚಮಚವನ್ನು ಆ ಬಾಯಿಗಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಮುದಕಮ್ಮನ ಬಯ್ಗುಳ ನಿಂತಿತ್ತು. ಸುಕನ್ಯಾ ನನ್ನ ಕಡೆ ತಿರುಗಿದಳು.

"ಒಂಬತ್ತು ದಿನ ನಿಲ್ಲಿಸಿದ್ರಿ," ಅಂದಳು. ಆಮೇಲೆ ನನಗೆ ಬೆನ್ನು ಮಾಡಿ ಕೂಸಿನ ಹಣೆ ಸವರತೊಡಗಿದಳು. ನಾನು ಎಷ್ಟು ಹೊತ್ತು ನಿಂತರೂ ಮತ್ತೆ ತಿರುಗಲಿಲ್ಲ.

ಮನೆಗೆ ಬಂದು ಹೇಳಿದರೆ ಸುರೇಖಾ ನನ್ನ ಮೇಲೇ ರೇಗಿದಳು. ನೆಗಡಿ ಬಾರದ ಕೂಸು ಯಾವುದಿದೆ, ಮೈಮೇಲೆ ಎಳೆದುಕೊಳ್ಳುವುದು ಏನಿತ್ತು ಅಂದಳು. ಆಮೇಲೆ ತಾನೇ ಅತ್ತಳು. ನಾನು ಟ್ರಂಕಿನಿಂದ ತರಬೇತಿಯ ಪುಸ್ತಕ ಹುಡುಕಿ ತೆಗೆದೆ. ವೈದ್ಯೆ ಹೇಳಿದ್ದೆಲ್ಲ ಅದರಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಆ ಪುಟವನ್ನು ನಾನು ಮಡಚಿಯೂ ಇಟ್ಟಿದ್ದೆ, ಓದಿರಲಿಲ್ಲ. ಗೌಡರ ಓಣಿಯ ಕೂಸಾಗಿದ್ದರೆ ಬರೀ ಮೂಗಿಗಾಗಿ ಒಂಬತ್ತು ದಿನ ನಿಲ್ಲಿಸುತ್ತಿದ್ದೆನೇ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಬಂದ ಉತ್ತರ ಹೇಳಿಕೊಳ್ಳುವ ಹಾಗಿರಲಿಲ್ಲ.

ಕೂಸಿನ ಮನೆಯಲ್ಲಿ ತಾಯಂದಿರಿಗೆಲ್ಲ ನಡೆದದ್ದನ್ನು ಹೇಳಿದೆ. ಕೆಲವರು ಬಯ್ದರು, ಇಬ್ಬರು ಕೂಸು ಕಳಿಸುವುದನ್ನೇ ಬಿಟ್ಟರು. ಜ್ವರ ನೋಡುವ ಯಂತ್ರವನ್ನು ಡಬ್ಬಿಯಿಂದ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದೆ. ಹೊಳಿ ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು ಅಂತ ಗೊತ್ತಾಯಿತು. ನೋಡಲು ಹೋಗುವ ಧೈರ್ಯವಾಗಲಿಲ್ಲ.

ಇಪ್ಪತ್ತು ದಿನದ ಮೇಲೆ ಒಂದು ಬೆಳಿಗ್ಗೆ ಸುಕನ್ಯಾ ಹೊಸ್ತಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಹೊಳಿ, ಇನ್ನಷ್ಟು ಸೊರಗಿತ್ತು. ಹಣೆ ಮುಟ್ಟಲು ಕೈ ಎತ್ತಿದೆ. ಆಕೆ ಕೂಸನ್ನು ಅತ್ತ ತಿರುಗಿಸಿಕೊಂಡು ನನ್ನನ್ನು ದಾಟಿ ಒಳಗೆ ಹೋದಳು.

ಸಿದ್ದು ಒಳಗೇ ಇದ್ದ. ಅವನಿಗೆ ಹೊಸದಾಗಿ ನೆಗಡಿಯಾಗಿ ಆರು ದಿನ, ಜ್ವರ ಬಿಟ್ಟು ಮೂರು ದಿನವಾಗಿತ್ತು, ಮೂಗು ಧಾರಾಳವಾಗಿ ಸೋರುತ್ತಿತ್ತು. ಸುಕನ್ಯಾ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ತನ್ನ ಸೆರಗಿನಿಂದಲೇ ಅವನ ಮೂಗು ಒರೆಸಿದಳು. ಕೈಯ ಹಿಂಬದಿಯನ್ನು ಅವನ ಹಣೆಗಿಟ್ಟಳು, ಥೇಟ್ ನನ್ನ ಹಾಗೆ. ಉಳಿದ ಕೂಸುಗಳ ಹಣೆಯನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತಿದಳು.

"ಇವಗ ಮುಂಜಾನಿ ಔಷಧ ಹಾಕೀರೇನ್ರಿ?"

ಇಷ್ಟು ದಿನ ಹೊಸ್ತಿಲಲ್ಲಿ ನಿಂತ ನಾನು ಯಾವ ತಾಯಿಗೂ ಕೇಳದಿದ್ದ ಪ್ರಶ್ನೆ ಅದು. ಬಾಗಿಲಲ್ಲಿ ಉಳಿದ ಹೆಣ್ಣುಮಕ್ಕಳು ನಿಂತು ನೋಡುತ್ತಿದ್ದರು.

"ಇಲ್ಲವ್ವಾ, ಮೂರು ದಿನಾತು, ಏನೂ ಹಾಕಿಲ್ಲ," ಅಂದೆ.

ಅದು ನಿಜವಾಗಿತ್ತು. ಆದರೂ ಆಕೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು, ಕೂಸನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ.