ಒತ್ತೆಗೆ ಕೂತ ಸೋದರತ್ತೆ

ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ. ಸಿ.ಎಸ್. ಪುರದ ದೊಡ್ಡರಂಗಯ್ಯನ ಮಗಳು ಮಂಜುಳ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಗಂಟೆ ಒಂಬತ್ತೂವರೆ. ಕೈಯಲ್ಲಿ ಸರ್ಕಾರದ ಕಾಗದ, ಬೆನ್ನ ಹಿಂದೆ ಸೋದರತ್ತೆ ಪುಟ್ಟಗಂಗಮ್ಮ. ಹನ್ನೊಂದು ಗಂಟೆಗೆ ಹೈಸ್ಕೂಲ್ ಮೈದಾನದಲ್ಲಿ ಗ್ರಾಮಸೇವಕಿ ಕೆಲಸಕ್ಕೆ ಸಂದರ್ಶನ. ಕಾಗದದ ಕೊನೆಯ ಸಾಲು ಮಾತ್ರ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು: ‘ಅಭ್ಯರ್ಥಿಗಳು ಸೈಕಲ್ಲಿನೊಡನೆ ಹಾಜರಾಗತಕ್ಕದ್ದು.’

ಸೈಕಲ್ಲನ್ನು ಎಲ್ಲಿಂದ ತರುವುದು? ಊರಿಗೆಲ್ಲ ಇದ್ದದ್ದು ಒಂದೇ ಲೇಡೀಸ್ ಸೈಕಲ್ಲು, ಆಸ್ಪತ್ರೆಯ ನರ್ಸಮ್ಮನದು. ಮಂಜುಳ ಕಲಿತದ್ದೂ ಅದರ ಮೇಲೆಯೇ, ಅದೂ ಅರ್ಧಂಬರ್ಧ. ಆಸ್ಪತ್ರೆಯ ಜಗಲಿಯಿಂದ ಹತ್ತುವುದು, ಜೋರಾಗಿ ತುಳಿಯುವುದು, ಕೊನೆಗೆ ನರ್ಸಮ್ಮ ಹಿಂದಿನಿಂದ ಓಡಿಬಂದು ಕ್ಯಾರಿಯರ್ ಹಿಡಿದು ನಿಲ್ಲಿಸುವುದು. ತಾನಾಗಿ ಇಳಿಯುವ ಪಾಠ ನಾಳೆ, ನಾಡಿದ್ದು ಎಂದು ಮುಂದೆ ಹೋಗಿ ಕಡೆಗೂ ಆಗಲೇ ಇಲ್ಲ. ಹೆರಿಗೆ ಮಾಡಿಸಲು ಓಡಾಡುವ ಸೈಕಲ್ಲನ್ನು ನರ್ಸಮ್ಮ ಕೊಡುವಂತಿರಲಿಲ್ಲ. “ತುಮಕೂರಲ್ಲಿ ಬೀದಿಗೊಂದು ಸೈಕಲ್ ಶಾಪಿದೆ ಕಣೇ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ” ಎಂದು ಧೈರ್ಯ ಹೇಳಿ ಕಳಿಸಿದ್ದರು.

ಪುಟ್ಟಗಂಗಮ್ಮ ಬಂದದ್ದು ಅಣ್ಣನ ಮಾತು ತೆಗೆದುಹಾಕಲಾರದೆ. ಒಳಗೊಳಗೆ ಅವಳ ಲೆಕ್ಕವೇ ಬೇರೆ. ಕುಣಿಗಲ್ಲಿನ ಹಿಟ್ಟಿನ ಗಿರಣಿಯವರ ಸಂಬಂಧ ತಂದವಳೇ ಅವಳು. ಗಂಡಿನ ಕಡೆಯವರು ಗುರುವಾರ ಬರುವವರಿದ್ದರು. ಕೆಲಸ ಸಿಕ್ಕರೆ ಕೆಲಸ, ಸಿಗದಿದ್ದರೆ ಗುರುವಾರವೇ ತಾಂಬೂಲ ಎಂದು ದೊಡ್ಡರಂಗಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಮಂಜುಳಳಿಗೆ ಆ ಗಂಡಿನ ಮೇಲೇನೂ ಸಿಟ್ಟಿಲ್ಲ, ಪಾಪ, ಮುಖವನ್ನೇ ನೋಡಿರಲಿಲ್ಲ. ಆದರೆ ಸೈಕಲ್ ತುಳಿದುಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗುವ ಈ ಕೆಲಸ ಅವಳಿಗೆ ಬೇಕಿತ್ತು. ಬೇಕು ಅಂದರೆ ಬೇಕೇ ಬೇಕಿತ್ತು.

ಬಸ್ ಸ್ಟ್ಯಾಂಡಿನ ಎದುರಿಗೇ ಒಂದು ಶಾಪು. ಸಾಲಾಗಿ ನಿಂತ ಸೈಕಲ್ಲುಗಳನ್ನು ಕಂಡು ಮಂಜುಳಳ ಮುಖ ಅರಳಿತು. ಗಲ್ಲಾದ ಹಿಂದಿದ್ದವನು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ.

“ಬಾಡಿಗೆಗೆ ಕೊಡೋಣಂತೆ. ಗುರುತು ಇದ್ಯೇನಮ್ಮ?”

ಮಂಜುಳ ಬಾಯಿ ತೆಗೆಯುವ ಮೊದಲೇ ಪುಟ್ಟಗಂಗಮ್ಮ ಮುಂದೆ ಬಂದಳು. “ಇಲ್ದೆ ಏನಪ್ಪ! ಎಡಗಡೆ ಕುತ್ತಿಗೆ ಮೇಲೆ ಕರೀ ಮಚ್ಚೆ, ಬಲಗೈ ಮೊಣಕೈ ತಾವ ಸುಟ್ಟ ಕಲೆ. ಎಸ್ಸೆಸ್ಸೆಲ್ಸಿ ಸರ್ಟಿಪಿಕೇಟಲ್ಲೂ ಇವೇ ಎರಡು ಗುರುತು ಬರ್ದವ್ರೆ. ತೋರ್ಸೇ ಮಂಜಿ, ಕುತ್ತಿಗೆ ತೋರ್ಸು!”

ಶಾಪಿನಲ್ಲಿ ಟೈರಿಗೆ ಗಾಳಿ ಹೊಡೆಯುತ್ತಿದ್ದವನು ಪಂಪು ಬಿಟ್ಟು ನಗತೊಡಗಿದ. ಗಲ್ಲಾದವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ಅಯ್ಯೋ ನಮ್ಮವ್ವ! ಮಚ್ಚೆ ಅಲ್ಲ, ಗುರುತಿನೋರು! ಈ ಊರಲ್ಲಿ ನಿಮ್ಮನ್ನ ಬಲ್ಲೋರು ಯಾರಾದ್ರೂ ಬಂದು, ಇವರು ನಮ್ಮೋರು ಅಂತ ಹೇಳ್ಬೇಕು. ಇಲ್ದಿದ್ರೆ ಸೈಕಲ್ ಆಚೆ ಹೋಗಲ್ಲ.”

ತುಮಕೂರಿನಲ್ಲಿ ಅವರನ್ನು ಬಲ್ಲವರು ಒಂದು ನರಪಿಳ್ಳೆಯೂ ಇರಲಿಲ್ಲ. ಮಂಜುಳ ಕೆನ್ನೆ ಕೆಂಪಾಗಿಸಿಕೊಂಡು ಅತ್ತೆಯನ್ನು ಎಳೆದುಕೊಂಡು ಹೊರಟಳು. ಬಿ.ಎಚ್. ರಸ್ತೆಯ ಎರಡನೇ ಶಾಪಿನಲ್ಲಿ ಇದ್ದದ್ದೆಲ್ಲ ಅಡ್ಡ ಬಾರಿನ ಗಂಡಸರ ಸೈಕಲ್ಲು. ಸೀರೆ ಉಟ್ಟುಕೊಂಡು ಅದನ್ನು ಹತ್ತುವುದು ಹೇಗೆ? ಚಿಕ್ಕಪೇಟೆಯ ಮೂರನೆಯವನು ಹೆಂಗಸರ ಜೊತೆ ವ್ಯವಹಾರವೇ ಬೇಡ ಎಂದು ಕೈ ಮುಗಿದುಬಿಟ್ಟ.

“ಸಿಗದಿದ್ರೆ ಬುಡು ಮಗ. ಹೋಟ್ಲಲ್ಲಿ ಒಂದೊಂದು ದೋಸೆ ತಿನ್ಕೊಂಡು ಬಸ್ಸಿಗೆ ಹೋಗೋಣ” ಎಂದಳು ಪುಟ್ಟಗಂಗಮ್ಮ, ದನಿಯಲ್ಲಿ ಸಂತೋಷ ಮುಚ್ಚಿಡಲಾಗದೆ.

“ನೀನು ತಿನ್ನತ್ತೆ, ನಾನು ಹುಡುಕ್ತೀನಿ” ಎಂದು ಮಂಜುಳ ದಡದಡ ಮುಂದೆ ನಡೆದಳು. ಕಣ್ಣು ಮಂಜಾಗಿತ್ತು, ಆದರೆ ಕಾಲು ನಿಲ್ಲಲಿಲ್ಲ.

ಮಂಡಿಪೇಟೆಯಲ್ಲಿ ಚನ್ನವೀರಯ್ಯ ಎಂಬುವರ ಶಾಪು. ಹಿಂದಿನ ಗೋಡೆಗೆ, ಓ ದೇವರೇ, ಹಸಿರು ಬಣ್ಣದ ಲೇಡೀಸ್ ಸೈಕಲ್ಲೊಂದು ಒರಗಿ ನಿಂತಿತ್ತು! ಚನ್ನವೀರಯ್ಯ ಸಾಧು ಮನುಷ್ಯ. ಸರ್ಕಾರದ ಕಾಗದವನ್ನು ಪೂರ್ತಿ ಓದಿದರು, ತಲೆದೂಗಿದರು, ಕೊನೆಗೆ ಅದೇ ಮಾತು ಆಡಿದರು. “ನಿನ್ನ ನೋಡಿದ್ರೆ ಕೊಡ್ಬೇಕು ಅನ್ಸುತ್ತೆ ತಾಯಿ. ಆದ್ರೆ ಗುರುತಿನೋರಿಲ್ದೆ ಕೊಟ್ಟು ಎರಡು ಸೈಕಲ್ ಕಳ್ಕೊಂಡಿದೀನಿ.”

ಬೆಂಚಿನ ಮೇಲೆ ಬೀಡಿ ಸೇದುತ್ತಿದ್ದ ಗಿರಾಕಿಯೊಬ್ಬ, ಯಾರೂ ಕೇಳದಿದ್ದರೂ, ಬಾಯಿ ಹಾಕಿದ. “ಕೊಡ್ಬ್ಯಾಡಿ ಸ್ವಾಮಿ. ಹಳ್ಳಿ ಹೆಂಗಸ್ರು, ಗುಬ್ಬಿ ಸಂತೇಲಿ ಮಾರ್ಕೊಂಡು ಹೋದ್ರೆ ಯಾರನ್ನ ಕೇಳ್ತೀರಿ?”

ಅಷ್ಟೇ ಸಾಕಾಯಿತು. ಪುಟ್ಟಗಂಗಮ್ಮನ ಮುಖ ನೋಡಬೇಕಿತ್ತು! ಅಲ್ಲಿಯವರೆಗೆ ದೋಸೆಯ ಕನಸು ಕಾಣುತ್ತಿದ್ದ ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದಳು.

“ಏನಂದ್ಯೋ? ನಮ್ಮ ಮಗ ಕಳ್ಳಿನಾ? ಹದಿನೆಂಟು ಎಕರೆ ತೆಂಗಿನ ತೋಟದ ಮನೆ ಹೆಣ್ಣು ಒಂದು ಡಕೋಟ ಸೈಕಲ್ ಮಾರ್ಕೊಂಡು ತಿಂದಾಳೇನ್ಲಾ?” ಅವಳು ಚನ್ನವೀರಯ್ಯನ ಕಡೆ ತಿರುಗಿದಳು. “ಸ್ವಾಮಿ, ನಿಮ್ಗೆ ಒತ್ತೆಗೆ ಏನಾದ್ರೂ ಬೇಕು ತಾನೆ? ನನ್ನೇ ಮಡಿಕ್ಕಳಿ. ಅವಳು ಸೈಕಲ್ ತರೋಗಂಟ ನಾನು ಇಲ್ಲಿಂದ ಅಲ್ಲಾಡಾಕಿಲ್ಲ.”

ಹೀಗೆಂದವಳೇ ಬೀಡಿಯವನನ್ನು ಎಬ್ಬಿಸಿ ಬೆಂಚಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಚನ್ನವೀರಯ್ಯ ಆ ಒತ್ತೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು. ಹತ್ತು ಮುಕ್ಕಾಲು. “ಒಂದು ಗಂಟೆ ಕಣಮ್ಮ, ಹುಷಾರು” ಎನ್ನುತ್ತ ಹಸಿರು ಸೈಕಲ್ಲನ್ನು ಹೊರಗೆ ತಳ್ಳಿದರು.

ಶಾಪಿನ ಮೆಟ್ಟಿಲಿನಿಂದ ಹತ್ತಿ ಮಂಜುಳ ಒಂದು ತುಳಿತ ತುಳಿದಳು ನೋಡಿ, ಮಂಡಿಪೇಟೆಯ ಮೂಟೆಗಳೂ ಎತ್ತಿನ ಗಾಡಿಗಳೂ ಸರ್ರನೆ ಹಿಂದೆ ಸರಿದವು. ನರ್ಸಮ್ಮನ ಸೈಕಲ್ಲು ನರಳಿಕೊಂಡು ಹೋಗುತ್ತಿದ್ದರೆ ಇದು ಹಾರುತ್ತಿತ್ತು. ಜಟಕಾದವನೊಬ್ಬ “ಹೋಯ್ ಹೋಯ್” ಎಂದು ಕುದುರೆ ಎಳೆದು ದಾರಿ ಬಿಟ್ಟ. ಮಂಜುಳಳಿಗೆ ಯಾಕೋ ನಗು ಉಕ್ಕಿ ಬಂತು. ತುಮಕೂರಿನ ಬೀದಿಯಲ್ಲಿ ಒಬ್ಬಳೇ, ಹಲ್ಲು ಬಿಟ್ಟುಕೊಂಡು ನಗುತ್ತ ಹೋದಳು.

ಮೈದಾನದಲ್ಲಿ ಮೇಜು ಹಾಕಿಕೊಂಡು ಟೋಪಿ ಇಟ್ಟ ಸಾಹೇಬರೊಬ್ಬರು ಕೂತಿದ್ದರು. ಒಂಬತ್ತು ಹುಡುಗಿಯರಲ್ಲಿ ಸೈಕಲ್ ತಂದವರು ನಾಲ್ಕೇ ಜನ. ಗೇಟಿನಲ್ಲಿದ್ದ ಜವಾನ ಹ್ಯಾಂಡಲ್ ಹಿಡಿದುಕೊಂಡದ್ದರಿಂದ ಇಳಿಯುವ ಸಂಕಟ ಅಷ್ಟಕ್ಕೆ ತಪ್ಪಿತು. ಸಾಹೇಬರ ಪ್ರಶ್ನೆಗಳಿಗೆ ಮಂಜುಳ ಪಟಪಟನೆ ಉತ್ತರ ಕೊಟ್ಟಳು. ಹೊಗೆಯಿಲ್ಲದ ಒಲೆ, ಗೊಬ್ಬರದ ಗುಂಡಿ, ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು, ಎಲ್ಲ ಬಾಯಿಪಾಠ.

“ಸರಿ. ಮೈದಾನಕ್ಕೆ ಎರಡು ಸುತ್ತು ಹಾಕಿ ಈ ಮೇಜಿನ ಮುಂದೆ ಬಂದು ಇಳಿಯಮ್ಮ” ಎಂದರು ಸಾಹೇಬರು.

ಧ್ವಜದ ಕಟ್ಟೆಯಿಂದ ಹತ್ತಿ ಎರಡು ಸುತ್ತನ್ನೇನೋ ಬಾಣದ ಹಾಗೆ ಮುಗಿಸಿದಳು. ಮೇಜು ಹತ್ತಿರ ಬಂತು. ಬ್ರೇಕಿಗೆ ಕೈ ಹೋಯಿತು, ಹಿಡಿದರೆ ಮಕಾಡೆ ಬೀಳುತ್ತೇನೆಂಬ ಹೆದರಿಕೆಗೆ ಕೈ ವಾಪಸ್ಸೂ ಬಂತು. ಹಿಂದಿನಿಂದ ಹಿಡಿಯಲು ನರ್ಸಮ್ಮನಿಲ್ಲ. ಮೂರನೇ ಸುತ್ತು ಹೊರಟಳು. ನಾಲ್ಕಾಯಿತು. ಐದನೆಯದರಲ್ಲಿ ಕೆಲಸ ಹೋಯಿತು ಅಂದುಕೊಂಡಳು. ಆರನೆಯದರಲ್ಲಿ ಗುರುವಾರದ ತಾಂಬೂಲದ ತಟ್ಟೆಯೇ ಕಣ್ಣಿಗೆ ಬಂತು, ಅದರಿಂದ ಓಡುವವಳ ಹಾಗೆ ಇನ್ನೂ ಜೋರಾಗಿ ತುಳಿದಳು. ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಒಂಬತ್ತನೇ ಸುತ್ತಿಗೆ ಸಾಹೇಬರು ಟೋಪಿ ಬೀಸುತ್ತ “ಸಾಕಮ್ಮ, ಸಾಕು!” ಎಂದು ಕೂಗಿದರು. ಜವಾನ ಓಡಿಬಂದು ಕ್ಯಾರಿಯರ್ ಹಿಡಿದ.

ಮಂಜುಳ ಏದುಸಿರು ಬಿಡುತ್ತ ನಿಂತಳು. “ಸಾರ್, ನಂಗೆ ಇಳಿಯೋಕೆ...” ಎಂದು ನಿಜ ಹೇಳಲು ಹೊರಟರೆ ಸಾಹೇಬರು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ.

“ಇಳಿಯೋಕೆ ಮನಸ್ಸೇ ಇಲ್ಲ ಅಲ್ವಾ? ಎರಡು ಅಂದ್ರೆ ಒಂಬತ್ತು! ದಿನಕ್ಕೆ ನಾಲ್ಕು ಹಳ್ಳಿ ತಿರುಗೋಕೆ ಇಂಥೋರೇ ಬೇಕು ನಂಗೆ.” ಅವರು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಟಿಕ್ ಹಾಕಿದರು. “ಒಂದನೇ ತಾರೀಖು ಟ್ರೈನಿಂಗಿಗೆ ಬಂದು ಸೇರು.”

ವಾಪಸ್ಸು ಬರುವಾಗ ಅವಳು ಸೈಕಲ್ ತುಳಿದಳೋ, ಗಾಳಿಯೇ ಎತ್ತಿಕೊಂಡು ಬಂತೋ ತಿಳಿಯದು. ಮಂಡಿಪೇಟೆಗೆ ಬಂದಾಗ ಪುಟ್ಟಗಂಗಮ್ಮ ಬೆಂಚಿನ ಮೇಲೇ ಇದ್ದಳು. ಚನ್ನವೀರಯ್ಯ ತರಿಸಿಕೊಟ್ಟ ದೋಸೆ ಮುಗಿದು ಎಲೆಯಡಿಕೆ ನಡೆಯುತ್ತಿತ್ತು. “ಹಿಡ್ಕೋ ಅತ್ತೆ, ಹಿಡ್ಕೋ!” ಎಂದು ಕೂಗುತ್ತ ಮಂಜುಳ ಶಾಪನ್ನು ದಾಟಿಯೇಬಿಟ್ಟಳು. ಪುಟ್ಟಗಂಗಮ್ಮ ಬೆಂಚಿನಿಂದ ಹಾರಿ, ಓಡಿ, ಕ್ಯಾರಿಯರ್ ಹಿಡಿದು ಜಗ್ಗಿದಳು.

“ಏನಾಯ್ತೇ?”

“ಸಿಕ್ತು ಅತ್ತೆ. ಕೆಲಸ ಸಿಕ್ತು!”

ಪುಟ್ಟಗಂಗಮ್ಮ ಹದಿನಾಲ್ಕಕ್ಕೆ ಮದುವೆಯಾದವಳು, ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ತವರಿಗೆ, ಅದು ಬಿಟ್ಟು ಬೇರೆ ದಾರಿ ಕಂಡವಳಲ್ಲ. ಬೆವರಿ ನಗುತ್ತಿದ್ದ ಸೊಸೆಯ ಮುಖ ನೋಡಿ ಅವಳಿಗೆ ಎದೆ ತುಂಬಿ ಬಂತು, ಕಣ್ಣೂ ತುಂಬಿತು.

“ಸ್ವಾಮಿ, ಗಂಟೆ ಆಯ್ತಾ?” ಎಂದು ಕೂಗಿ ಕೇಳಿದಳು.

“ಇನ್ನೂ ಹತ್ತು ನಿಮಿಷ ಇದೆಯಮ್ಮ” ಎಂದರು ಚನ್ನವೀರಯ್ಯ.

ಪುಟ್ಟಗಂಗಮ್ಮ ಸೈಕಲ್ಲನ್ನು ಪಕ್ಕದ ಮಂಡಿಯ ಜಗಲಿಗೆ ಒತ್ತರಿಸಿ, ಸೀರೆ ಎತ್ತಿಕಟ್ಟಿ, ಕ್ಯಾರಿಯರಿನ ಮೇಲೆ ಧೊಪ್ಪನೆ ಕೂತಳು. ಮಂಜುಳ ಕಿಲಕಿಲನೆ ನಗುತ್ತ ಜಗಲಿಯನ್ನು ಒದ್ದು ಹೊರಟಳು. ಸೈಕಲ್ಲು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ವಾಲಿ ನೆಟ್ಟಗಾಯಿತು.

“ಅಮ್ಮಾ! ಒತ್ತೇನೂ ಹೊಂಟೋದ್ರೆ ನಾನೇನ್ ಮಾಡ್ಲಿ!” ಎಂದು ಚನ್ನವೀರಯ್ಯ ಬೀದಿಗೆ ಬಂದು ಕೂಗಿದರು.

“ಅತ್ತೆ, ಗುರುವಾರ ಬರೋರಿಗೆ ಏನ್ ಹೇಳೋದು?” ಎಂದು ಮಂಜುಳ ಅರ್ಧ ತಿರುಗಿ ಕೇಳಿದಳು.

“ನಾನ್ ಹೇಳ್ಕೋತೀನಿ ಬುಡು” ಎಂದಳು ಪುಟ್ಟಗಂಗಮ್ಮ, ಅವಳ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡು. “ನೀನು ಮುಂದೆ ನೋಡ್ಕಂಡು ತುಳಿ.”