ಸುಟ್ಟ ಮರದ ಕೆಳಗೆ ಬಿಳಿ ಮಣ್ಣು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಜೆಸಿಬಿ ಬರುತ್ತದೆ ಎಂದು ನನ್ನ ಗಂಡ ಪಂತೆಲಿಸ್ ಭಾನುವಾರದ ಊಟದ ನಡುವೆ ಹೇಳಿದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಬಡಿಸಿದೆ.

"ಸಂಜೆಯೊಳಗೆ ಎಲ್ಲ ಬುಡಸಮೇತ ಕೀಳಿಸಿಬಿಡ್ತೀನಿ. ನೆಲ ಸಮ ಮಾಡಿದ್ರೆ ಮೂವತ್ತು ಕಾರು ನಿಲ್ಲತ್ತೆ. ಕಪ್ಪು ಕಲ್ಲಿನ ದಂಡೆಗೆ ಬರೋರು ಈಗ ಎಲ್ಲಿ ಬೇಕಂದ್ರೆ ಅಲ್ಲಿ ನಿಲ್ಲಿಸ್ತಿದ್ದಾರೆ."

ಎಲ್ಲ ಎಂದರೆ ಪರಿಮಳದ ಅಂಟು ಕೊಡುವ ನಮ್ಮ ನಲವತ್ಮೂರು ಮಸ್ತಕಿ ಮರಗಳು. ಹಿಂದಿನ ಆಗಸ್ಟಿನಲ್ಲಿ ಗುಡ್ಡದ ಆಚೆಯಿಂದ ಬೆಂಕಿ ಬಂತು. ಒಂದು ಮಧ್ಯಾಹ್ನ ಗಾಳಿ ಬೀಸಿದ್ದಷ್ಟೇ, ಪಂತೆಲಿಸ್‌ನ ತಾತ ನೆಟ್ಟಿದ್ದೆಲ್ಲ ಕರಿಕಡ್ಡಿಯಾಯಿತು. ವಸಂತದಲ್ಲಿ ಕೃಷಿ ಇಲಾಖೆಯ ಹುಡುಗಿ ಬಂದು ಒಂದೆರಡು ಕಾಂಡವನ್ನು ಚಾಕುವಿನಿಂದ ಕೆರೆದು ನೋಡಿದಳು. ಬೇರಿನಲ್ಲಿ ಜೀವ ಇರಬಹುದು, ಇಲ್ಲದೆಯೂ ಇರಬಹುದು, ಇನ್ನೊಂದು ಚಳಿಗಾಲದ ಮಳೆ ಕಳೆಯಲಿ ಎಂದಳು. ಹೊಸದಾಗಿ ನೆಟ್ಟರೆ ಮರ ಚೆನ್ನಾಗಿ ಅಂಟು ಸುರಿಸಲು ಹದಿನೈದು ವರ್ಷ ಬೇಕು. ಪಂತೆಲಿಸ್‌ಗೆ ಈಗ ಐವತ್ತೊಂದು. ಕಾಯಿರಿ ಎನ್ನುವ ಮಾತು ಕೇಳಿದರೇ ಅವನ ದವಡೆ ಬಿಗಿಯುತ್ತದೆ.

ಬೇಡ ಅನ್ನಬೇಕು ಎಂದು ನನಗೆ ಗೊತ್ತಿತ್ತು. ಆದರೆ ಬೆಂಕಿಯ ದಿನದಿಂದ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಮಗಳಿಗೆ ಜಡೆ ಹಾಕುತ್ತಿದ್ದೆ. ಬಿಸಿ ಬಾಣಲೆಗೆ ಬೆರಳು ತಗುಲಿದರೂ ಗುಳ್ಳೆ ಎದ್ದ ಮೇಲೆಯೇ ತಿಳಿಯುತ್ತಿತ್ತು. ಊರಿನ ಹೆಂಗಸರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ.

"ಅಪ್ಪಾ, ಅಲ್ಲಿ ಕಾರು ನಿಂತ್ರೆ ಅಜ್ಜಿ ಎಲ್ಲಿ ಕೂತ್ಕೋತಾಳೆ?" ಎಂದಳು ಆರು ವರ್ಷದ ಮಾರ್ಕೆಲ್ಲಾ.

"ಮನೆಯಲ್ಲಿ. ಎಂಬತ್ತೆರಡಾಯ್ತು, ಇನ್ನಾದ್ರೂ ಮನೇಲಿ ಕೂತ್ಕೊಳ್ಳಲಿ."

ನಮ್ಮ ಅತ್ತೆ ಅಂಗೆರೂ ರೊಟ್ಟಿಯ ಚೂರಿನಿಂದ ತಟ್ಟೆಯ ಎಣ್ಣೆ ಒರೆಸುತ್ತಿದ್ದರು. "ಜುಲೈ ಬಂತು," ಎಂದರು. "ಮೇಜು ಹಾಸಿಲ್ಲ ಇನ್ನೂ."

ಮರದ ಬುಡ ಗುಡಿಸಿ, ಕಲ್ಲು ಆರಿಸಿ, ಜರಡಿ ಹಿಡಿದ ಬಿಳಿ ಮಣ್ಣನ್ನು ಸುತ್ತ ಹಾಸಿದರೆ ಅದಕ್ಕೆ ನಮ್ಮಲ್ಲಿ ಮೇಜು ಎನ್ನುತ್ತಾರೆ. ಕಾಂಡ ಗೀರಿದಾಗ ಒಸರುವ ಅಂಟು ಅದರ ಮೇಲೆ ಬಿದ್ದು ಗಟ್ಟಿಯಾಗುತ್ತದೆ. ಸೆಪ್ಟೆಂಬರಿನಲ್ಲಿ ಆ ಅಂಟು ಎತ್ತುವವರೆಗೆ ಹಾಸಿದ ಮೇಜನ್ನು ಊರಿನಲ್ಲಿ ಯಾರೂ ತುಳಿಯುವುದಿಲ್ಲ.

"ಅಮ್ಮಾ, ಸುಟ್ಟ ಮರಕ್ಕೆ ಮೇಜು ಹಾಸ್ತೀಯಾ?" ಎಂದ ಪಂತೆಲಿಸ್.

"ಅಡುಗೆ ತಡ ಆಯ್ತು ಅಂತ ತಟ್ಟೆ ಹಾಕದೇ ಇರ್ತಾರಾ?"

"ಶುರುವಾಯ್ತು," ಎಂದು ಪಂತೆಲಿಸ್ ಎದ್ದು ಕೈ ತೊಳೆಯಲು ಹೋದ.

ಮರುದಿನ ಆರು ಗಂಟೆಗೆ ಕಾಫಿಗೆ ನೀರಿಟ್ಟು ನೋಡಿದರೆ ಅತ್ತೆಯ ಹಾಸಿಗೆ ಖಾಲಿ. ಬಾಗಿಲ ಹಿಂದೆ ಪೊರಕೆಯೂ ಇರಲಿಲ್ಲ. ಮಾರ್ಕೆಲ್ಲಾ ಏಳುವ ಹೊತ್ತಿಗೆ ನೋಡಿಕೋ ಎಂದು ಪಕ್ಕದ ಮನೆಯವಳಿಗೆ ಹೇಳಿ, ಒಂದು ಬಾಟಲಿ ನೀರು, ನಾಲ್ಕು ಟೊಮೇಟೊ, ರೊಟ್ಟಿ ಕಟ್ಟಿಕೊಂಡು ಹೊರಟೆ. ಊರಿನ ಕಮಾನುಗಳ ಕೆಳಗಿನ ಓಣಿ ದಾಟಿದರೆ ನಮ್ಮ ತೋಟದ ಇಳಿಜಾರು, ಅದರಾಚೆ ಸಮುದ್ರ. ಕೆಳಗಿನ ದಂಡೆಯ ಕಪ್ಪು ಕಲ್ಲುಗಳು ಅಲೆ ಹಿಂದೆ ಸರಿದಾಗ ಎಂದಿನಂತೆ ಗರಗರ ಎನ್ನುತ್ತಿದ್ದವು.

ಅತ್ತೆ ಮೊಣಕಾಲೂರಿ ನಾಲ್ಕನೇ ಮರದ ಬುಡ ಗುಡಿಸುತ್ತಿದ್ದರು. ಮೂರು ಮರಕ್ಕೆ ಆಗಲೇ ಹಾಸಿಯಾಗಿತ್ತು. ಕರಿ ನೆಲ, ಕರಿ ಕಾಂಡ, ಅದರ ಸುತ್ತ ಚಪ್ಪಟೆಯಾದ ಬಿಳಿ ವೃತ್ತ. ತೋಟದೊಳಗಿನ ಕಲ್ಲಿನ ಕೊಟ್ಟಿಗೆಗೆ ಬೆಂಕಿ ತಗುಲಿರಲಿಲ್ಲ, ಹಿಂದಿನ ವರ್ಷದ ಮಣ್ಣಿನ ಚೀಲಗಳು ಒಳಗೆ ಹಾಗೇ ಇದ್ದವು.

"ಅತ್ತೆ, ನೀರು ಕುಡೀರಿ."

"ಅಲ್ಲಿಡು. ಕಾಲು ನೋಡ್ಕೊಂಡು ಇಡು, ಹಾಸಿದ್ದನ್ನ ತುಳಿದೀಯ."

"ಒಂಬತ್ತಕ್ಕೆ ಬರ್ತಾರೆ."

"ಗೊತ್ತು. ನನ್ನ ಕಿವಿ ಚೆನ್ನಾಗೇ ಇದೆ."

ಅವರು ತಮ್ಮ ಇಷ್ಟದ ದೊಡ್ಡ ಮರದಿಂದ ಶುರು ಮಾಡಿರಲಿಲ್ಲ. ದಾರಿಗೆ ತಾಗಿದ ಮೊದಲ ಸಾಲಿನಿಂದ ಶುರು ಮಾಡಿದ್ದರು. ಎರಡೂ ಕಡೆ ಕಲ್ಲುಗೋಡೆ ಇರುವುದರಿಂದ ಜೆಸಿಬಿ ಆ ಸಾಲನ್ನು ದಾಟದೆ ಒಳಗೆ ಬರುವಂತಿರಲಿಲ್ಲ. ಅದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ನನ್ನೊಳಗೆ ಏನೂ ಅಲುಗಲಿಲ್ಲ. ಅತ್ತೆಯ ಬೆನ್ನು ಬಾಗಿತ್ತು, ಬೆವರಿಗೆ ಕರಿ ಬಟ್ಟೆ ಅಂಟಿತ್ತು. ನಾನು ಜರಡಿ ಎತ್ತಿಕೊಂಡೆ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಒಂಬತ್ತನೆಯ ಮರ, ಅಂದರೆ ಸಾಲಿನ ಕೊನೆಯ ಮರ ಮುಗಿಯಿತು. ನನ್ನ ಕೈ ಮೊಣಕೈವರೆಗೆ ಹಿಟ್ಟು ಕಲಸಿದವರ ಕೈಯಂತಿತ್ತು. ದಾರಿಯಲ್ಲಿ ಇಂಜಿನ್ನಿನ ಸದ್ದು ಕೇಳಿಸಿತು.

ಜೆಸಿಬಿ ಓಡಿಸುವ ಲೆಫ್ತೇರಿಸ್ ಅತ್ತೆಯ ತಂಗಿಯ ಮಗ. ಪಂತೆಲಿಸ್ ಅವನ ಪಕ್ಕದಲ್ಲಿ ಜೋತುಬಿದ್ದುಕೊಂಡು ಬಂದ. ಬಿಳಿ ಸಾಲಿಗೆ ಎರಡು ಮಾರು ಇರುವಾಗ ಲೆಫ್ತೇರಿಸ್ ಇಂಜಿನ್ ಆರಿಸಿದ.

"ದೊಡ್ಡಮ್ಮಾ, ಇದೇನು, ಮದುವೆ ಊಟನಾ?"

"ನಿನ್ನ ಕರೆದಿಲ್ಲ," ಎಂದರು ಅತ್ತೆ.

"ನಡಿಯೋ," ಎಂದ ಪಂತೆಲಿಸ್. "ಮಣ್ಣು ತಾನೇ."

"ಮಣ್ಣು ಅಂತ ನನಗೂ ಕಾಣತ್ತೆ. ಹಾಸಿದ ಮೇಜಿನ ಮೇಲೆ ಗಾಡಿ ಹತ್ತಿಸಿದ ಅಂತ ಊರಲ್ಲಿ ಹೇಳ್ಲಿ, ನನ್ನ ಹೆಂಡತಿ ನನ್ನ ಚಪ್ಪಲಿ ಹೊರಗೆ ಎಸೀತಾಳೆ, ಜೊತೆಗೆ ನನ್ನನ್ನೂ."

"ಸತ್ತ ಮರಗಳು ಕಣೋ ಅವು."

"ಇರಬಹುದು. ನೀನೇ ಇಳಿದು ಮೇಜು ಅಳಿಸು, ಆಮೇಲೆ ನಾನು ಓಡಿಸ್ತೀನಿ. ಇಲ್ದಿದ್ರೆ ಸೆಪ್ಟೆಂಬರಿನಲ್ಲಿ ಎತ್ತೋವರೆಗೂ ನಾನು ಬರಲ್ಲ. ಆಮೇಲೆ ಮಳೆ, ಈ ಇಳಿಜಾರಿನ ಕೆಸರಿಗೆ ಗಾಡಿ ತರಲ್ಲ. ಮಾರ್ಚಿಗೆ ನೋಡೋಣ."

ಪಂತೆಲಿಸ್ ಕೆಳಗಿಳಿದ. ಮೊದಲ ವೃತ್ತದ ಅಂಚಿನವರೆಗೆ ಬಂದ. ಅವನ ಬೂಟಿನ ತುದಿಗೂ ಮಣ್ಣಿಗೂ ನಡುವೆ ಒಂದು ಗೇಣು ಇತ್ತು. ಅವನು ನನ್ನ ಕೈ ನೋಡಿದ.

"ನೀನೂನಾ, ಅರ್ಗಿರೊ?"

"ಹೂಂ."

"ಯಾಕೆ?"

"ಅತ್ತೆ ಬಗ್ಗಿದ್ರು. ನಾನೂ ಬಗ್ಗಿದೆ. ರೊಟ್ಟಿ ತಂದಿದ್ದೀನಿ, ತಿಂತೀಯಾ?"

ಲೆಫ್ತೇರಿಸ್ ಕೂತಲ್ಲಿಂದಲೇ ಕೈ ಚಾಚಿದ. ಅವನಿಗೆ ಒಂದು ಟೊಮೇಟೊ, ಅರ್ಧ ರೊಟ್ಟಿ ಕೊಟ್ಟೆ. ತಿಂದು, ಅತ್ತೆಗೆ ಕೈಮಾಡಿ, ಜೆಸಿಬಿಯನ್ನು ಹಿಂದಕ್ಕೆ ನಡೆಸಿಕೊಂಡು ಹೋದ. ಆ ಕಿರಿದಾದ ದಾರಿಯಲ್ಲಿ ಅದನ್ನು ತಿರುಗಿಸಲು ಆಗುವುದಿಲ್ಲ.

ಪಂತೆಲಿಸ್ ಬಹಳ ಹೊತ್ತು ಗೋಡೆಯ ಮೇಲೆ ಕೂತಿದ್ದ. ಆಮೇಲೆ ಕೊಟ್ಟಿಗೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನ್ ತರಲು ಎದ್ದ. ಅದಕ್ಕೆ ಮೊದಲ ಸಾಲನ್ನು ದಾಟಬೇಕು. ಸಿಟ್ಟು ಅವನ ಹೆಗಲಿನಲ್ಲಿ ಕಾಣುತ್ತಿತ್ತು, ಒಂದೇ ಹೆಜ್ಜೆಗೆ ಎಲ್ಲ ಅಳಿದುಹೋಗಬಹುದಿತ್ತು. ನಾನು ನೋಡುತ್ತಾ ನಿಂತೆ.

ಅವನು ಎರಡು ಬಿಳಿ ವೃತ್ತಗಳ ನಡುವಿನ ಕರಿ ನೆಲದಲ್ಲಿ, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಡುತ್ತಾ, ಮೈ ಓರೆ ಮಾಡಿಕೊಂಡು ದಾಟಿದ. ಬರುವಾಗ ತುಂಬಿದ ಕ್ಯಾನ್ ತುಳುಕದಂತೆ ಎದೆಗೆ ಒತ್ತಿಕೊಂಡು ಹಾಗೆಯೇ ಬಂದ.

"ಮಾರ್ಚ್‌ವರೆಗೆ," ಎಂದ, ಯಾರ ಮುಖವನ್ನೂ ನೋಡದೆ.

ಅತ್ತೆ ತಲೆಯಾಡಿಸಿ ಎರಡನೇ ಸಾಲಿನ ಮೊದಲ ಮರದ ಬುಡದಲ್ಲಿ ಮೊಣಕಾಲೂರಿದರು. ನನಗೆ ಸಂತೋಷವಾಯಿತೇ ಎಂದು ಒಳಗೆ ಹುಡುಕಿದೆ. ಗುಳ್ಳೆ ಎದ್ದಿದ್ದ ಬೆರಳು ಮಣ್ಣು ತಾಗಿ ಉರಿಯುತ್ತಿತ್ತು, ಅಷ್ಟೇ. ಅದನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು, ಮತ್ತೆ ಜರಡಿ ಎತ್ತಿಕೊಂಡೆ.